ಗುಪ್ತವಾರ್ತೆಯ ಜೈಬು ಅಕ್ಕ

ಜೈಬು ಅಕ್ಕ ಯಾವ ಸಭೆಗೆ ಹೋದರೂ ಮೊದಲು ಜನರನ್ನು ಎಣಿಸುತ್ತಿದ್ದರು. ಬೆರಳು ಆಡುತ್ತಿರಲಿಲ್ಲ, ತುಟಿಯೂ ಆಡುತ್ತಿರಲಿಲ್ಲ. ಬಾಗಿಲ ಪಕ್ಕದ ಕುರ್ಚಿ ಹಿಡಿದು ಕೋಟಿನ ಗುಂಡಿ ಬಿಚ್ಚುವುದರೊಳಗೆ ಎಣಿಕೆ ಮುಗಿದಿರುತ್ತಿತ್ತು.

ನಾನು ಅವರನ್ನು ಮೊದಲು ನೋಡಿದ್ದು ಇಂಥದೇ ಒಂದು ಸಭೆಯಲ್ಲಿ. ಜರ್ಮನಿಯ ಹರ್ಟ್ಸೋಗೆನಾವ್‌ರಾಕ್‌ನಿಂದ ಬಸ್ಸಿನಲ್ಲಿ ಇಪ್ಪತ್ತು ನಿಮಿಷ ದೂರದ ಸಣ್ಣ ಊರು ನಮ್ಮದು. ಆ ಬಸ್ಸನ್ನೇ ನಿಲ್ಲಿಸುತ್ತಾರಂತೆ ಎಂಬ ಸುದ್ದಿ ಹಬ್ಬಿ, ಊರಿನವರನ್ನೆಲ್ಲ ನಗರಸಭೆಯ ಕಟ್ಟಡವಾದ ರಾಟ್‌ಹೌಸ್‌ಗೆ ಕರೆದಿದ್ದರು. ನಾನು ಕೆಲಸಕ್ಕೆಂದು ಬಂದು ಇನ್ನೂ ಮೂರೇ ತಿಂಗಳಾಗಿತ್ತು. ಸಭೆ ಶುರುವಾಗುವಷ್ಟರಲ್ಲಿ ಮೈಸೂರಿನಿಂದ ಅಮ್ಮನ ಫೋನು. "ಆಮೇಲೆ ಮಾಡ್ತೀನಮ್ಮ" ಎಂದು ಪಿಸುಗುಟ್ಟಿ ಇಟ್ಟೆ. ಪಕ್ಕದಲ್ಲಿ ಕುಳಿತಿದ್ದ, ತಲೆಗೆ ಬೂದು ಬಣ್ಣದ ಸ್ಕಾರ್ಫ್ ಕಟ್ಟಿದ್ದ ಹೆಂಗಸು ನನ್ನ ಕಡೆ ತಿರುಗದೆಯೇ ಹೇಳಿದರು.

"ಮೈಸೂರೇನು?"

ನನಗೆ ಗಾಬರಿ. "ಹೌದು... ನೀವು?"

"ಗದಗ. ನೂರಾ ನಾಲ್ವತ್ತೆರಡು ಮಂದಿ ಕುಂತಾರ. ನಾಳೆ ಪೇಪರಿನಾಗ ಇನ್ನೂರು ಅಂತ ಬರತೈತಿ, ನೋಡ್ತಿರು."

ಮರುದಿನ ಪತ್ರಿಕೆಯಲ್ಲಿ ಸುಮಾರು ಇನ್ನೂರು ಎಂದೇ ಬಂದಿತ್ತು.

ಅವರ ಪೂರ್ತಿ ಹೆಸರು ಜೈಬುನ್ನಿಸಾ ನದಾಫ್. ನಮ್ಮ ನಾಡಿನಲ್ಲಿ ಹದಿನೆಂಟು ವರ್ಷ ಪೊಲೀಸ್ ಗುಪ್ತವಾರ್ತೆ ವಿಭಾಗದಲ್ಲಿದ್ದವರು. ಗಂಡ ಇಮ್ತಿಯಾಜ್ ಭಾಯ್ ಇಲ್ಲಿಯ ಒಂದು ಯಂತ್ರಭಾಗಗಳ ಕಾರ್ಖಾನೆಯಲ್ಲಿ ಎಂಜಿನಿಯರ್. ಅಕ್ಕ ನೌಕರಿ ಬಿಡದ ಕಾರಣ ಅವರು ಹತ್ತು ವರ್ಷ ಇಲ್ಲಿ ಒಬ್ಬರೇ ಇದ್ದು, ತಾವೇ ಅಡುಗೆ ಮಾಡಿಕೊಂಡು ಉಂಡವರು.

ಗುಪ್ತವಾರ್ತೆ ಎಂದರೆ ಬಂದೂಕು, ವೇಷ, ಬೆನ್ನಟ್ಟುವ ಕಾರು ಎಂದೆಲ್ಲ ನಾನು ಕಲ್ಪಿಸಿಕೊಂಡಿದ್ದೆ. ಕೇಳಿದರೆ ಅಕ್ಕ ನಗುತ್ತಿದ್ದರು. "ಎಂಥಾ ಬಂದೂಕಪಾ! ಭಾಷಣಕ್ಕ ಎಷ್ಟ ಮಂದಿ ಬಂದ್ರು, ಎಷ್ಟ ಮಂದಿ ತಾವಾಗೇ ಬಂದ್ರು, ಎಷ್ಟ ಮಂದೀನ ಟ್ರ್ಯಾಕ್ಟರಿನಾಗ ತಂದ್ರು, ಯಾರು ಯಾರ ಜೋಡಿ ಚಾ ಕುಡದ್ರು. ಇದನ್ನ ಬರದು ಬರದು ನನ್ನ ಕೈಯಾನ ಬಳಿ ಸವದು ಹೋದ್ವು." ಮಂತ್ರಿಗಳಾಗುವವರನ್ನು ಅವರು ವೇದಿಕೆಯ ಹಿಂದಿನಿಂದ ನೋಡಿದ್ದರು. ಯಾರ ಮಾತಿಗೆ ಜನ ಚಪ್ಪಾಳೆ ತಟ್ಟುತ್ತಾರೆ, ಯಾರ ಮಾತಿಗೆ ಬೀಡಿ ಹಚ್ಚುತ್ತಾರೆ ಎಂಬುದು ಅವರಿಗೆ ಗೊತ್ತಿತ್ತು. ಜರ್ಮನ್ ಭಾಷೆಯನ್ನೂ ಅವರು ಕಲಿತದ್ದು ಹಾಗೆಯೇ, ಬೇಕರಿಯ ಮೂಲೆಯಲ್ಲಿ ಒಂದು ಕಾಫಿ ಇಟ್ಟುಕೊಂಡು ಮುದುಕಿಯರ ಮಾತು ಕೇಳುತ್ತ. ಹಾಗಾಗಿ ಅವರ ಜರ್ಮನ್‌ನಲ್ಲಿ ವ್ಯಾಕರಣ ಸ್ವಲ್ಪ ಕುಂಟುತ್ತಿದ್ದರೂ ಊರಿನ ಧಾಟಿ ಅಚ್ಚುಕಟ್ಟಾಗಿತ್ತು.

ಅಂಥ ನೌಕರಿಯನ್ನು ನಡುವೆಯೇ ಬಿಟ್ಟದ್ದೇಕೆಂದು ನಾನು ಎಷ್ಟೋ ಸಲ ಕೇಳಿದ್ದೆ. ಅವರು ಹೇಳಿದ್ದು ಒಂದೇ ಸಲ, ಒಂದು ಭಾನುವಾರ ಕೆರೆಯ ಸುತ್ತ ನಡೆಯುವಾಗ.

ವೆಲ್ಡಿಂಗ್ ಕಲಿತ ಒಬ್ಬ ಹುಡುಗನಿಗೆ ದುಬೈಯಲ್ಲಿ ಕೆಲಸ ಸಿಕ್ಕಿತ್ತು. ಹೆಸರು ಬಸವರಾಜ. ಅವನ ಪಾಸ್‌ಪೋರ್ಟಿನ ಪರಿಶೀಲನೆ ಅಕ್ಕನ ಮೇಜಿಗೆ ಬಂತು. ಚಹಾದಂಗಡಿಯಲ್ಲಿ ವಿಚಾರಿಸಿದಾಗ ಯಾರೋ "ಗಲಾಟ್ಯಾಗ ಕಲ್ಲು ಒಗದಾವ ಅಂವನ" ಎಂದರು. ಅಕ್ಕ ಅದನ್ನೇ ಒಂದು ಸಾಲು ಬರೆದು ಕಳಿಸಿದರು. ಪಾಸ್‌ಪೋರ್ಟ್ ಬರಲಿಲ್ಲ, ದುಬೈಯವರು ಬೇರೆಯವನನ್ನು ಕರೆಸಿಕೊಂಡರು. ಎರಡು ವರ್ಷದ ಮೇಲೆ ಮತ್ತೊಂದು ಪ್ರಕರಣದ ಕಡತ ನೋಡುವಾಗ ಗೊತ್ತಾಯಿತು: ಕಲ್ಲು ಎಸೆದವನು ಅದೇ ಹೆಸರಿನ ಬೇರೆ ಬಸವರಾಜ.

"ನಾ ಅವನ ಮನೀಗೆ ಹೋದೆ," ಎಂದರು ಅಕ್ಕ. "ಹೋಗಬ್ಯಾಡ ಅಂದ್ರು ಆಫೀಸಿನಾಗ. ಹೋಗಿ, ಬರದಾಕಿ ನಾನ ಅಂತ ಹೇಳಿದೆ. ಬೈತಾನ ಅನ್ಕೊಂಡಿದ್ದೆ. ಅಂವ ಬೈಲಿಲ್ಲ. 'ಅವತ್ತ ಒಂದ್ ಮಾತು ನನ್ನ ಕೇಳಿದ್ರ ಆಗ್ತಿತ್ತಲ್ರೀ ಮೇಡಂ' ಅಂದ. ಅಷ್ಟ ಅಂದು ನೀರು ತಂದು ಕೊಟ್ಟ."

ಪಾಸ್‌ಪೋರ್ಟ್ ಸಿಗುವಂತೆ ಆಮೇಲೆ ಅವರೇ ಓಡಾಡಿದರಂತೆ, ಸಿಕ್ಕಿತಂತೆ. ಅಷ್ಟು ಹೊತ್ತಿಗೆ ಹುಡುಗನಿಗೆ ಹೋಗುವ ಆಸೆ ಬತ್ತಿಹೋಗಿತ್ತು. ಅಕ್ಕ ಸ್ವಯಂ ನಿವೃತ್ತಿ ಬರೆದುಕೊಟ್ಟು ಜರ್ಮನಿಗೆ ಬಂದರು.

ಇಲ್ಲಿ ಪೌರತ್ವಕ್ಕೆ ಅರ್ಜಿ ಹಾಕುವಾಗ ಹಿಂದಿನ ಉದ್ಯೋಗ ಬರೆಯಬೇಕಿತ್ತು. ಇಮ್ತಿಯಾಜ್ ಭಾಯ್ ಅಂಗಲಾಚಿದರು. "ಪೊಲೀಸ್ ಅಂತ ಬರಿ ಸಾಕು. ಸುಳ್ಳೇನ್ ಅಲ್ಲಲ್ಲ?"

"ಪೂರಾ ಖರೇನೂ ಅಲ್ಲ," ಎಂದು ಅಕ್ಕ ಗುಪ್ತವಾರ್ತೆ ಎಂದೇ ಬರೆದರು. ಓದಿದ ಗುಮಾಸ್ತೆ ಪೆನ್ನು ಕೆಳಗಿಟ್ಟು ಒಳಗೆ ಹೋದಳಂತೆ. ಜೊತೆಯಲ್ಲಿ ಅರ್ಜಿ ಹಾಕಿದ ನೆರೆಯವರಿಗೆಲ್ಲ ಪತ್ರ ಬಂದ ಮೇಲೂ ಅಕ್ಕನಿಗೆ ಒಂದು ವರ್ಷಕ್ಕೂ ಹೆಚ್ಚು ಕಾಲ ಬರಲಿಲ್ಲ. ಮೂರು ಸಲ ಕರೆದು ಅದೇ ಪ್ರಶ್ನೆ ಕೇಳಿದರು. ಮೂರು ಸಲವೂ ಅವರು ಅದೇ ಉತ್ತರ ಕೊಟ್ಟರು. ಕೊನೆಗೆ ಪೌರತ್ವ ಬಂತು.

ಅಷ್ಟರಲ್ಲಿ ಬಸ್ಸಿನ ವಿಷಯದಲ್ಲಿ ಅವರು ಊರಿಗೆ ಪರಿಚಿತರಾಗಿದ್ದರು. ಮೂರು ವಾರ ಬೆಳಿಗ್ಗೆ ನಿಲ್ದಾಣದಲ್ಲಿ ನಿಂತು, ಹತ್ತುವವರನ್ನೆಲ್ಲ ತಮ್ಮ ಹೆಸರು ಹೇಳಿಕೊಂಡೇ ಮಾತಾಡಿಸಿ, ಯಾರು ಎಲ್ಲಿಗೆ ಹೋಗುತ್ತಾರೆ, ಬಸ್ಸು ನಿಂತರೆ ಏನು ಮಾಡುತ್ತಾರೆ ಎಂದು ಬರೆದು, ಅವರ ಮುಂದೆಯೇ ಓದಿ ಹೇಳಿ, ನಗರಸಭೆಗೆ ಕೊಟ್ಟಿದ್ದರು. ಬಸ್ಸು ಉಳಿಯಿತು. ಊರಿನ ಹಿತಕ್ಕೆಂದು ಕೆಲವರು ಕಟ್ಟಿಕೊಂಡಿದ್ದ ಒಂದು ಸ್ಥಳೀಯ ಪಕ್ಷ ಅವರನ್ನು ಚುನಾವಣೆಗೆ ನಿಲ್ಲಲು ಕರೆಯಿತು. ಅದರ ಮುಖಂಡ ಕ್ರೆಮರ್ ಎಂಬ ಪೀಠೋಪಕರಣ ವ್ಯಾಪಾರಿ. ಪಕ್ಷದ ಅಭ್ಯರ್ಥಿಗಳ ಪಟ್ಟಿಯಲ್ಲಿ ಅಕ್ಕನಿಗೆ ಹತ್ತೊಂಬತ್ತನೆಯ ಸ್ಥಾನ. ಇಲ್ಲಿಯ ಪದ್ಧತಿಯಲ್ಲಿ ಮತದಾರರು ಮೆಚ್ಚಿದ ಒಬ್ಬರಿಗೆ ಮೂರು ಮತಗಳವರೆಗೆ ಕೊಡಬಹುದು. ಬೇಕರಿಯ ಮುದುಕಿಯರೂ ಬೆಳಗಿನ ಪಾಳಿಯ ಕಾರ್ಮಿಕರೂ ಮೂರು ಮೂರು ಕೊಟ್ಟು ಅಕ್ಕನನ್ನು ಪಟ್ಟಿಯ ತುದಿಯಿಂದ ಎತ್ತಿ ನಗರಸಭೆಯಲ್ಲಿ ಕೂರಿಸಿದರು.

ಎರಡನೆಯ ವರ್ಷ ಯೋಸೆಫ್‌ನ ಪ್ರಸಂಗ ಬಂತು. ಯೋಸೆಫ್ ಊರಿನ ಒಳಾಂಗಣ ಕ್ರೀಡಾಂಗಣದ ಉಸ್ತುವಾರಿ ನೋಡುವವನು, ಮಿತಭಾಷಿ, ಎಲ್ಲರಿಗೂ ಬೇಕಾದವನೇನೂ ಅಲ್ಲ. ಅವನ ಮೇಲೆ ಹೆಸರಿಲ್ಲದ ಪತ್ರವೊಂದು ನಗರಸಭೆಗೆ ಬಂದಿತ್ತು. ಕ್ರೀಡಾಂಗಣದ ಬೀಗ ತೆಗೆದು ಅಪರಿಚಿತರನ್ನು ಮಲಗಿಸುತ್ತಾನೆ ಎಂಬ ದೂರು. ಉದ್ಯೋಗದ ವಿಷಯವಾದ್ದರಿಂದ ಚರ್ಚೆ ಮುಚ್ಚಿದ ಬಾಗಿಲ ಹಿಂದೆ. ಆ ಸಂಜೆ ಅಕ್ಕನನ್ನು ಮನೆಗೆ ಬಿಡಲೆಂದು ನಾನು ಕಾರಿಡಾರಿನಲ್ಲಿ ಕಾಯುತ್ತಿದ್ದೆ. ವಿರಾಮದಲ್ಲಿ ಕ್ರೆಮರ್ ಅಕ್ಕನನ್ನು ಪಕ್ಕಕ್ಕೆ ಕರೆದುಕೊಂಡು ಬಂದ. ನನಗೆ ಜರ್ಮನ್ ಬರುವುದಿಲ್ಲವೆಂದುಕೊಂಡನೋ ಏನೋ, ದನಿ ತಗ್ಗಿಸಲಿಲ್ಲ.

"ಫ್ರಾವ್ ನದಾಫ್, ನೀವು ಈ ವಿದ್ಯೆಯಲ್ಲಿ ಪಳಗಿದವರು. ಅವನು ಎಲ್ಲಿ ಹೋಗುತ್ತಾನೆ, ಯಾರನ್ನು ಭೇಟಿಯಾಗುತ್ತಾನೆ, ಎರಡು ವಾರ ಸದ್ದಿಲ್ಲದೆ ಗಮನಿಸಿ. ಅವನನ್ನು ತೆಗೆಯಲು ನಮಗೊಂದು ಆಧಾರ ಸಿಕ್ಕಿದಂತಾಗುತ್ತದೆ."

"ಅವನನ್ನೇ ಕರೆದು ಕೇಳಿದ್ದೀರಾ?" ಎಂದರು ಅಕ್ಕ.

"ಕೇಳಿದರೆ ಎಚ್ಚರವಾಗುತ್ತಾನೆ."

"ಎಚ್ಚರವಾಗಲಿ. ಪತ್ರ ಅವನ ಬಗ್ಗೆ ಇದೆ. ಮೊದಲು ಓದಬೇಕಾದವನು ಅವನು."

"ಇದು ಪಕ್ಷದ ನಿಲುವು, ಫ್ರಾವ್ ನದಾಫ್. ನಮ್ಮ ಪಟ್ಟಿಯಿಂದ ಗೆದ್ದದ್ದನ್ನು ಮರೆಯಬೇಡಿ."

"ಮರೆತಿಲ್ಲ. ಆದರೆ ಅವನನ್ನು ಕೇಳದೆ ಕೆಲಸದಿಂದ ತೆಗೆಯುವುದಾದರೆ, ನಾನು ವಿರೋಧಿಸಿದೆ ಎಂದು ನನ್ನ ಹೆಸರು ಹಾಕಿ ನಡಾವಳಿಯಲ್ಲಿ ಬರೆಸುತ್ತೇನೆ. ಅದು ನನ್ನ ಹಕ್ಕು."

ಅವರ ದನಿ ಏರಿರಲಿಲ್ಲ. ಕೈ ಮಾತ್ರ ಚೀಲದ ಪಟ್ಟಿಯನ್ನು ಬಿಗಿಯಾಗಿ ಹಿಡಿದಿತ್ತು. ಮತ್ತೆ ಒಳಗೆ ಹೋದರು, ಬಾಗಿಲು ಮುಚ್ಚಿತು. ಮುಕ್ಕಾಲು ಗಂಟೆಯ ನಂತರ ಹೊರಬಂದವರು ಕಾರಿನಲ್ಲಿ ಕುಳಿತು, "ಏನ ಕೇಳಬ್ಯಾಡ ತಮ್ಮಾ, ಹೇಳಂಗಿಲ್ಲ ನಾನು," ಎಂದರು. ಆಮೇಲೂ ಹೇಳಲಿಲ್ಲ.

ಉಳಿದದ್ದನ್ನು ಹೇಳಿದವನು ಸ್ವತಃ ಯೋಸೆಫ್. ಮುಂದಿನ ವಾರ ಅವನನ್ನು ಕರೆದು ಪತ್ರವನ್ನು ಕೈಗೆ ಕೊಟ್ಟರಂತೆ. ಓದಿ ಅವನು ದಂಗಾದ. ಆ ಚಳಿಗಾಲ ಹಿಮಕ್ಕೆ ಸಿಕ್ಕಿ ಬಸ್ಸೊಂದು ಊರ ಹೊರಗೆ ನಿಂತುಹೋಗಿತ್ತು. ಅದರ ಪ್ರಯಾಣಿಕರಿಗೆ ಕ್ರೀಡಾಂಗಣ ತೆರೆದುಕೊಡು ಎಂದು ಅವನಿಗೆ ಹೇಳಿದ್ದೇ ಅಗ್ನಿಶಾಮಕ ದಳ. ಅಲ್ಲಿಗೆ ಒಂದು ಫೋನು ಮಾಡಿದ್ದಕ್ಕೆ ಎಲ್ಲ ಖಚಿತವಾಯಿತು. ಯೋಸೆಫ್‌ನ ಕೆಲಸ ಉಳಿಯಿತು. "ಇಪ್ಪತ್ತಾರು ವರ್ಷ ಇಲ್ಲಿದ್ದೇನೆ. ನನ್ನನ್ನು ಕೇಳಿ ಎಂದದ್ದು ಆ ಹೆಂಗಸು ಒಬ್ಬಳೇ," ಎಂದ.

ಕ್ರೆಮರ್ ಮರೆಯಲಿಲ್ಲ. ಮುಂದಿನ ಚುನಾವಣೆಯಲ್ಲಿ ಅಕ್ಕನಿಗೆ ಪಟ್ಟಿಯ ಕಟ್ಟಕಡೆಯ ಸ್ಥಾನ ಕೊಟ್ಟ. ಜೊತೆಗೆ ಊರಲ್ಲಿ ಗುಸುಗುಸು ಎದ್ದಿತು: ಆ ಹೆಂಗಸು ಗೂಢಚಾರಿಣಿ, ಎಲ್ಲರ ಗುಟ್ಟೂ ಬರೆದಿಟ್ಟಿದ್ದಾಳೆ.

"ಯಾರು ಹಬ್ಬಿಸ್ತಿದಾರೆ ಅಂತ ನಿಮಗೆ ಎರಡು ದಿನದಲ್ಲಿ ಗೊತ್ತಾಗುತ್ತೆ ಅಕ್ಕಾ, ಕಂಡುಹಿಡೀರಿ," ಎಂದೆ.

"ಗೊತ್ತಾಗೇತಿ. ಅದನ್ನ ತಗೊಂಡು ಏನ್ ಮಾಡ್ಲಿ?" ಎಂದವರು ಒಂದು ಕಾಗದ ಮುಂದೆ ತಳ್ಳಿದರು. "ಇದರ ಜರ್ಮನ್ ಸರಿ ಐತೇನ ನೋಡು. ಪೋಸ್ಟರ್ ಹಾಕಸ್ತೀನಿ."

ಕಾಗದದಲ್ಲಿ ಮೂರೇ ಸಾಲು. 'ನಾನು ಹದಿನೆಂಟು ವರ್ಷ ಗುಪ್ತವಾರ್ತೆಯಲ್ಲಿದ್ದೆ. ಪ್ರತಿ ಶನಿವಾರ ಸಂತೆಯಲ್ಲಿ ಇರುತ್ತೇನೆ. ಏನು ಬೇಕಾದರೂ ಕೇಳಿ.'

ಹತ್ತು ಶನಿವಾರ ತರಕಾರಿ ಗಾಡಿಗಳ ನಡುವೆ ನಿಂತರು. ಮೊದಲ ಶನಿವಾರ ಇಬ್ಬರು ಬಂದರು, ಅದರಲ್ಲಿ ಒಬ್ಬ ಜಗಳಕ್ಕೇ ಬಂದವನು. "ನನ್ನ ಬಗ್ಗೆ ಏನು ಬರೆದಿಟ್ಟಿದ್ದೀರಿ?" ಎಂದು ಕೂಗಾಡಿದ. ಅಕ್ಕ ಅವನಿಗೊಂದು ಕುರ್ಚಿ ಹಾಕಿ ಕೂರಿಸಿ ಬಸವರಾಜನ ಕತೆಯನ್ನು ಮೊದಲಿನಿಂದ ಹೇಳಿದರು. ತಮ್ಮ ತಪ್ಪನ್ನು ಸ್ವಲ್ಪವೂ ಮರೆಮಾಚಲಿಲ್ಲ. ಮಾತು ಮುಗಿಯುವಷ್ಟರಲ್ಲಿ ಗಾಡಿಯವರೂ ಕೈಚೀಲ ಹಿಡಿದವರೂ ಸುತ್ತ ನಿಂತಿದ್ದರು. ಯೋಸೆಫ್ ಹಿಂದೆ ನಿಂತು ಟೋಪಿ ತೆಗೆದ. ಪಟ್ಟಿಯ ಕಟ್ಟಕಡೆಯಲ್ಲಿದ್ದ ಅಕ್ಕ ಆ ಸಲ ಕ್ರೆಮರ್‌ಗಿಂತ ಹೆಚ್ಚು ಮತ ಪಡೆದು ಗೆದ್ದರು.

ಅವರು ಆ ಅವಧಿಯನ್ನು ಮುಗಿಸಲಿಲ್ಲ. ಇಮ್ತಿಯಾಜ್ ಭಾಯ್ ಅವರ ವಿಭಾಗವನ್ನು ಕಂಪನಿ ಸ್ಟುಟ್‌ಗಾರ್ಟ್‌ಗೆ ಸಾಗಿಸಿತು. ಊರು ಬಿಟ್ಟು ವಾಸ ಬದಲಿಸಿದರೆ ನಗರಸಭೆಯ ಸ್ಥಾನ ತಾನಾಗಿ ಹೋಗುತ್ತದೆ, ಇಲ್ಲಿಯ ಕಾನೂನು ಹಾಗೆ. ಭಾಯ್ ತಾವೊಬ್ಬರೇ ಹೋಗಿ ವಾರಕ್ಕೊಮ್ಮೆ ಬರುತ್ತೇನೆಂದರು. "ನನಗೆ ಒಬ್ಬನ ಇದ್ದು ರೂಢಿ ಐತಿ" ಎಂದು ನಕ್ಕರು.

ಅಕ್ಕ ನಗಲಿಲ್ಲ. "ಹತ್ತು ವರ್ಷ ನನ್ನ ನೌಕರಿ ಸಲುವಾಗಿ ಒಬ್ಬಾವ ಇದ್ದಿ. ಇನ್ನೊಂದಿನಾನೂ ಬ್ಯಾಡ."

ಊರು ಬಿಡುವುದನ್ನು ನಗರಸಭೆಗೆ ತಿಳಿಸುವ ಪತ್ರದ ಜರ್ಮನ್ ತಿದ್ದಲು ನನಗೆ ಕೊಡಲಿಲ್ಲ, ತಾವೇ ಬರೆದರು. ಬೇಕರಿಯ ಮುದುಕಿಯೊಬ್ಬಳು ಕೇಕಿನ ಡಬ್ಬಿ ಹಿಡಿದುಕೊಂಡು ಬಂದು, ಕೊಡದೆ, ಅಳುತ್ತ ನಿಂತಿದ್ದಳು. ಈಗ ಅವರ ಕುರ್ಚಿಯಲ್ಲಿ ಪಟ್ಟಿಯ ಮುಂದಿನವನೊಬ್ಬ ಕೂರುತ್ತಾನೆ. ಒಳ್ಳೆಯವನೇ. ಆದರೂ ನಾನು ಆ ಸಭೆಗಳಿಗೆ ಹೋಗುವುದನ್ನು ಬಿಟ್ಟಿದ್ದೇನೆ.

ಕಳೆದ ಚಳಿಗಾಲ ಕೆಲಸದ ಮೇಲೆ ಸ್ಟುಟ್‌ಗಾರ್ಟ್‌ಗೆ ಹೋದಾಗ ಅಲ್ಲಿನ ಫೊಯರ್‌ಬಾಕ್ ಬಡಾವಣೆಯಲ್ಲಿರುವ ಅವರ ಮನೆಗೆ ಹೋದೆ. ನನ್ನ ತಟ್ಟೆಗೆ ಜೋಳದ ರೊಟ್ಟಿ ಬಿತ್ತು, ಅವರು ಮಾತ್ರ ನಿಂತೇ ತಿಂದರು. ಅವರ ಬೀದಿಯ ಪ್ರಾಥಮಿಕ ಶಾಲೆಯ ಮುಂದೆ ರಸ್ತೆ ದಾಟಲು ಪಟ್ಟೆ ಇಲ್ಲವಂತೆ, ಲಾರಿಗಳು ನಿಲ್ಲುವುದಿಲ್ಲವಂತೆ. ಮನವಿಗೆ ಸಹಿ ಬೇಕು. ಎಡಬದಿಯ ಮನೆಗಳು ಮುಗಿದಿವೆ, ಬಲಬದಿ ಬಾಕಿ.

"ಇಲ್ಲಿ ನೀವು ಯಾರಿಗೂ ಗೊತ್ತಿಲ್ಲ ಅಕ್ಕಾ," ಎಂದೆ. "ಮತ್ತೆ ಮೊದಲಿಂದ ಶುರು ಮಾಡ್ಬೇಕು."

"ಹೂಂ. ಮಾಡಾಕತ್ತೀನಲ್ಲ," ಎಂದು ಅವರು ಸ್ಕಾರ್ಫ್ ಬಿಗಿ ಮಾಡಿಕೊಂಡರು.

ಒಟ್ಟಿಗೇ ಇಳಿದೆವು. ನನ್ನ ರೈಲಿಗೆ ಹೊತ್ತಾಗಿತ್ತು. ಮನವಿಯ ಹಾಳೆ ಹಿಡಿದು, ಎದುರಿನ ಕಟ್ಟಡದ ಬಾಗಿಲು ತಳ್ಳಿ ಅವರು ಮೆಟ್ಟಿಲು ಹತ್ತತೊಡಗಿದರು. ಕಿಟಕಿಯ ಗಾಜಿನಲ್ಲಿ ಒಂದು ಮಹಡಿ ಕಂಡರು, ಇನ್ನೊಂದು ಮಹಡಿ ಕಂಡರು, ಆಮೇಲೆ ಕಾಣಲಿಲ್ಲ. ಮೇಲೆಲ್ಲೋ ಕರೆಗಂಟೆ ಬಾರಿಸಿದ್ದು ಕೇಳಿಸಿತು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಮತ್ತೊಮ್ಮೆ ಬಾರಿಸಿತು, ಯಾರೋ ಬಾಗಿಲು ತೆರೆದ ಸದ್ದಾಯಿತು.