ಮಂಡಿಯ ಕೆಳಗಿನ ಟವೆಲು

ಕೆನಡಾದ ಸಸ್ಕಾಚೆವಾನಿನ ಒಂದು ಪುಟ್ಟ ಊರಿನ ಆಸ್ಪತ್ರೆಯಲ್ಲಿ ಓರಿಸ್ಯ ಹ್ನಾಟ್ಯುಕ್ ಮೂವತ್ತನಾಲ್ಕು ವರ್ಷದಿಂದ ಎಕ್ಸ್‌ರೇ ತೆಗೆಯುತ್ತಿದ್ದಳು. ಊರಿಗೆಲ್ಲ ಅವಳು ತೇತಾ, ಎಂದರೆ ಉಕ್ರೇನಿನ ಮಾತಿನಲ್ಲಿ ಅತ್ತೆ. ನೋವು ತಿನ್ನುತ್ತ ಬಂದವರನ್ನು ಮೇಜಿನ ಮೇಲೆ ಮಲಗಿಸಿ, ಬೆಚ್ಚಗಿನ ಟವೆಲನ್ನು ಸುರುಳಿ ಸುತ್ತಿ ಮಂಡಿಯ ಕೆಳಗಿಡುವುದು ಅವಳ ಪದ್ಧತಿ. "ತೇತಾ ಕೈಗೆ ಬಿದ್ರೆ ಅರ್ಧ ನೋವು ಅಲ್ಲೇ ಇಳೀತದೆ" ಎಂದು ಜನ ಅಂದರೆ ಅವಳ ಮುಖ ಹೂವಾಗುತ್ತಿತ್ತು.

ಸೋಮವಾರ ನಗರದ ಮೂಳೆ ವೈದ್ಯೆಯ ಫೋನು ಬಂತು.

"ಡಾರ್ಸಿ ಕೋವಲ್ ಸೊಂಟದ ಕೀಲಿನ ಚಿತ್ರ ತೆಗ್ದವರು ನೀವೇನಾ? ಅದರಲ್ಲಿ ಕೀಲಿನ ಬಟ್ಟಲು ಸರಿಯಾಗಿದೆ. ನಮ್ಮ ಸಿ.ಟಿ.ಯಲ್ಲಿ ಹಿಂದಕ್ಕೆ ತಿರುಗಿದೆ. ಎಂ.ಆರ್.ಐ.ಯಲ್ಲಿ ಅಂಚಿನ ಮೆದು ಭಾಗ ಹರಿದಿದೆ. ಗುರುವಾರ ಆಪರೇಷನ್ನು. ಬರೀ ಹೊಲಿದ್ರೆ ಸಾಕೋ, ಮೂಳೆನೇ ಕತ್ತರಿಸಿ ತಿರುಗಿಸ್ಬೇಕೋ, ನನಗೆ ಖಚಿತ ಆಗ್ಬೇಕು. ಅವಳನ್ನ ನಿಲ್ಲಿಸಿ ಇನ್ನೊಂದು ಚಿತ್ರ ತೆಗೀರಿ."

ಡಾರ್ಸಿ ಊರಿನ ಐಸ್-ಹಾಕಿ ತಂಡದ ಗೋಲ್‌ಕೀಪರ್. ಮಂಡಿಯೂರಿ ಕಾಲು ಅಗಲಿಸಿ ಆಟದ ರಬ್ಬರ್ ಬಿಲ್ಲೆ ತಡೆಯುವವಳು. ತೊಡೆಸಂದಿಯ ನೋವೆಂದು ಕಳೆದ ವರ್ಷ ಬಂದಿದ್ದಳು. ಚಿತ್ರದಲ್ಲಿ ಏನೂ ಇಲ್ಲವೆಂದ ಮೇಲೆ ತಂಡದವರು ಅವಳಿಗೆ ಮೈಗಳ್ಳಿ ಎಂದೇ ಹೆಸರಿಟ್ಟಿದ್ದರು.

ಹಳೆಯ ಚಿತ್ರವನ್ನು ಪರದೆಯ ಮೇಲೆ ತೆರೆದಳು. ಬಾಲದೆಲುಬಿನ ತುದಿ ಇಳಿದು ಮುಂದಿನ ಮೂಳೆಗಳ ಸಂದಿಗೆ ತಾಗಿಕೊಂಡಿತ್ತು. ಸೊಂಟ ಹಿಂದಕ್ಕೆ ವಾಲಿದರೆ ಮಾತ್ರ ಹಾಗೆ. ವಾಲಿಸಿದ್ದು ಏನು? ಟವೆಲು! ಮಂಡಿ ಎತ್ತಿದ್ದಕ್ಕೆ ಸೊಂಟ ಮಗುಚಿ, ತೊಡೆಮೂಳೆ ಕೂರುವ ಬಟ್ಟಲಿನ ಡೊಂಕು ಮರೆಯಾಗಿತ್ತು. ಆ ರಾತ್ರಿ ಬೀಟ್‌ರೂಟಿನ ಬೋರ್ಶ್ ಸಾರು ತಟ್ಟೆಯಲ್ಲೇ ತಣ್ಣಗಾಯಿತು.

ಮಂಗಳವಾರ ಡಾರ್ಸಿ ಕುಂಟುತ್ತ ಬಂದಳು.

"ಏನ್ ತೇತಾ, ನನ್ ಸುಳ್ಳು ಮೂಳೆನ ಮತ್ತೆ ನೋಡ್ಬೇಕಾ?"

"ಬಾಯ್ ಮುಚ್ಕೊಂಡು ನೆಟ್ಟಗೆ ನಿಂತ್ಕೋ. ಕಾಲ್ಬೆರಳು ಒಳಕ್ಕೆ."

"ನಿಂತೇನಾ? ಟವೆಲು ಇಲ್ವಾ?"

"ಇಲ್ಲ."

ಓರಿಸ್ಯ ಗುಂಡಿ ಒತ್ತಿದಳು. ಚಿತ್ರ ಮೂಡಿತು. ಬಟ್ಟಲಿನ ಮುಂದಿನ ಅಂಚಿನ ಗೆರೆ ಹಿಂದಿನ ಗೆರೆಯನ್ನು ಅಡ್ಡ ದಾಟಿತ್ತು. ಬಟ್ಟಲು ಹಿಂದಕ್ಕೆ ತಿರುಗಿದ್ದಕ್ಕೆ ಅದೇ ಗುರುತು. ಸಿ.ಟಿ. ಹೇಳಿದ್ದೇ ನಿಜ.

"ಡಾರ್ಸಿ, ಇಲ್ಲಿ ನೋಡು. ನೀನು ಸುಳ್ಳಿ ಅಲ್ಲಮ್ಮ. ಸುಳ್ಳಾಡಿದ್ದು ನನ್ ಟವೆಲು."

ಡಾರ್ಸಿ ಕುಂಟುತ್ತ ಪರದೆಯ ಹತ್ತಿರ ಬಂದಳು. "ಒಂದು ವರ್ಷ ತೇತಾ. ನಮ್ಮಮ್ಮನೂ ನಂಬಲಿಲ್ಲ."

"ಹೊಡೀಬೇಕು ಅಂದ್ರೆ ಹೊಡಿ."

"ಕಾಲೆತ್ತೋಕಾದ್ರೆ ಒದೀತಿದ್ದೆ" ಎಂದು ನಕ್ಕ ಡಾರ್ಸಿಯ ಕಣ್ಣು ತುಂಬಿ ಬಂತು.

ಓರಿಸ್ಯ ಅವಳೆದುರಿಗೇ ವೈದ್ಯೆಗೆ ಫೋನು ಮಾಡಿ, ಟವೆಲಿನ ವಿಷಯ ಒಂದನ್ನೂ ಬಚ್ಚಿಡದೆ ಹೇಳಿದಳು. "ಸರಿ, ಹಾಗಿದ್ರೆ ಮೂಳೆ ತಿರುಗಿಸ್ತೀನಿ" ಎಂದಿತು ಆ ಕಡೆಯ ದನಿ. ಡಾರ್ಸಿ ಹೋದ ಮೇಲೆ ಓರಿಸ್ಯ ಮತ್ತೆ ಪರದೆಯ ಮುಂದೆ ಕುಳಿತಳು. ಮೂವತ್ತನಾಲ್ಕು ವರ್ಷ! ಸೊಂಟ ನೋವೆಂದು ಬಂದು, ಏನೂ ಇಲ್ಲವೆನಿಸಿಕೊಂಡು ತಲೆ ತಗ್ಗಿಸಿ ಹೋದವರು ಇನ್ನೆಷ್ಟು ಜನ?

ಹಳೆಯ ಚಿತ್ರಗಳನ್ನು ಒಂದೊಂದಾಗಿ ತೆರೆಯುತ್ತ ಹೋದಳು. ಬಾಲದೆಲುಬು ಇಳಿದಿದ್ದ ಮೊದಲ ಚಿತ್ರ ಕಂಡದ್ದೇ, ಅದರ ಮೇಲಿನ ಹೆಸರು ಓದಿ ಫೋನು ಎತ್ತಿಕೊಂಡಳು.

"ಮಿರೋನ್, ನಾನಪ್ಪ, ತೇತಾ. ಆ ಸೊಂಟ ಈಗ್ಲೂ ನೋಯ್ತದಾ?"