ಗಿರಣಿ ಚಾಳದ ಹೊಸ್ತಿಲು

ಕಳೆದ ಸೋಮವಾರ ನನ್ನ ಅಕ್ಕ ತನ್ನ ಹೊಸ ಸೊಸೆಯನ್ನು ಬಾಗಿಲ ಹೊರಗೇ ನಿಲ್ಲಿಸಿಬಿಟ್ಟಳು. ಜಗಳವಲ್ಲ, ವಾಚಕರೇ. ಸೊಸೆ ಅಕ್ಕಿಯ ಸೇರನ್ನು ಒದ್ದು ಒಳಗೆ ಬರಬೇಕು. ಸೇರನ್ನಿಡಲು ಹೊಸ್ತಿಲೇ ಇಲ್ಲ!

ಪುಣೆಯ ನದೀತೀರದ ಆ ಗಿರಣಿಯ ಊರನ್ನು ನೀವು ಸೇತುವೆಯಿಂದ ನೋಡಿರಬಹುದು. ಮೊದಲು ಕಟ್ಟಿದ್ದು ಕರಿಗಲ್ಲಿನ ಚಾಳ, ಎಂದರೆ ಕೆಲಸಗಾರರ ಸಾಲುಮನೆ. ಮಗ್ಗಗಳು ಹೆಚ್ಚಿದಂತೆ ಅದರ ಮೇಲುಗಡೆ, ದಿಬ್ಬದಲ್ಲಿ, ಇಟ್ಟಿಗೆಯ ಸಾಲು. ನದಿ ಉಕ್ಕಿದರೆ ಕೆಳಸಾಲಿನ ಮನೆಗಳಿಗೆ ನೀರು ನುಗ್ಗುತ್ತದೆ. ನುಗ್ಗಿದ ನೀರು ತಡೆಯಿಲ್ಲದೆ ಮರಳಲೆಂದು ಎಂಜಿನಿಯರ ಸಾಹೇಬರು ನೆಲವನ್ನು ಬಾಗಿಲ ಕಡೆಗೆ ಇಳಿಜಾರಾಗಿಸಿ, ಹೊಸ್ತಿಲನ್ನೇ ಕೈಬಿಟ್ಟರು. ಪ್ಲ್ಯಾನು ನಿರ್ದೋಷ. (ನನ್ನ ಬಾಯಿಂದ ಈ ಶಬ್ದ ಎಷ್ಟು ಅಪರೂಪವೆಂಬುದನ್ನು ನನ್ನ ಹಳೆಯ ವಿದ್ಯಾರ್ಥಿಗಳು ಬಲ್ಲರು.) ಆದರೆ ಸಾಹೇಬರು ಎಂದಾದರೂ ಸೊಸೆಯನ್ನು ಮನೆ ತುಂಬಿಸಿಕೊಂಡಿದ್ದರೇ?

ಭಾವನಿಗೆ ಗಿರಣಿಯಲ್ಲಿ ಕೆಲಸ ಸಿಕ್ಕು ಅಕ್ಕ ಪೇಟೆಯಿಂದ ಆ ಕೆಳಸಾಲಿಗೆ ಹೋದದ್ದು ಈಚೆಗಷ್ಟೇ. "ಹಂಗ ಒಳಗ ಕರಕೊಂಡ್ರ ಮಂದಿ ಏನಂದಾರು? ಟಾಂಗಾ ತರಸೋ ತಮ್ಮಾ, ನಿಮ್ಮನಿಗೇ ಹೋಗೂಣು" ಎಂದು ಹಟ ಹಿಡಿದಳು. ಸೊಸೆಯ ಕಣ್ಣು ತುಂಬಿತು. ಮೊದಲ ಹೆಜ್ಜೆಯನ್ನೇ ಪರರ ಮನೆಯಲ್ಲಿಡಬೇಕೆ?

ಪಕ್ಕದ ಮನೆಯ ಕಾಶವ್ವ ಅಡ್ಡ ಬಂದಳು. "ತಡೀರಿ ಅಕ್ಕಾರ, ಹೊಸ್ತಿಲಾ ತರಸ್ತೀನಿ. ಮ್ಯಾಲಿನ ಸಾಲಿನ್ಯಾಗ ಅದ."

ಹೊಸ್ತಿಲನ್ನು ತರಿಸುವುದೇ? ಹೌದು! ಇಬ್ಬರು ನೇಕಾರರು ಹಳೆಯ ಮಗ್ಗದ ತೇಗದ ತೊಲೆಯೊಂದನ್ನು ಹೊತ್ತು ತಂದರು. ಅದರ ಮೈತುಂಬ ಅರಿಸಿನ, ಕುಂಕುಮ.

ಅಕ್ಕ ಹಿಂಜರಿದಳು. "ಇದನ್ನ ಯಾರ್ಯಾರು ದಾಟ್ಯಾರ?"

"ಚಾಳಿನ ಸೊಸಿಯಂದ್ರೆಲ್ಲಾ ದಾಟ್ಯಾರ್ರಿ. ನಮ್ಮಾಕಿ, ಮರಾಠ್ರಾಕಿ, ಕರೀಂಸಾಬ್ರ ಸೊಸಿನೂ ಹಟಾ ಮಾಡಿ ದಾಟ್ಯಾಳ. ಒಬ್ಬಾಕೀನೂ ತವರಿಗೆ ಓಡಿ ಹೋಗಿಲ್ಲ ನೋಡ್ರಿ. ನಿಮ್ಮ ಪೇಟಿ ಹೊಸ್ತಿಲದ್ದು ಹೆಂಗ?"

ಅಕ್ಕ ಸೊಸೆಯ ಮುಖ ನೋಡಿದಳು. ಬಳಿಕ ಬಗ್ಗಿ, ಆ ತೊಲೆಗೆ ತಾನೂ ಅರಿಸಿನ ಹಚ್ಚಿದಳು.

ಸೊಸೆ ಸೇರನ್ನು ಒದ್ದಳು. ಅಕ್ಕಿ ಒಳಗೆ ಚೆಲ್ಲಿತು. ಸೇರು ಮಾತ್ರ ಸಾಹೇಬರ ಇಳಿಜಾರಿನಲ್ಲಿ ಉರುಳುತ್ತ ಅವಳ ಕಾಲಬುಡಕ್ಕೇ ಮರಳಿತು. "ಇನ್ನೊಮ್ಮೆ ಒದಿಯವಾ, ಗಟ್ಟ್ಯಾಗಿ!" ಎಂದು ಅಕ್ಕನೇ ನಕ್ಕಳು. ಚಾಳವೆಲ್ಲ ನಕ್ಕಿತು.

ಸಂಜೆ ತೊಲೆ ಮತ್ತೊಂದು ಮದುವೆಮನೆಗೆ ಹೊರಟುಹೋಯಿತು.

ಪೇಟೆಯ ನಮ್ಮ ವಾಡೆಗಳಲ್ಲಿ ಮನೆಮನೆಗೂ ಸ್ವಂತ ಹೊಸ್ತಿಲಿದೆ, ವಾಚಕರೇ. ನೆರೆಯವರದನ್ನು ನೀವು ಕಡೆಯ ಸಲ ದಾಟಿದ್ದು ಎಂದು?