ಬಂದ್ ಐತೋ, ಬಂದೈತೋ

ದಿಲಶಾದ ಫೋನ್ ಎತ್ತಿದರೆ ‘ಹಲೋ’ ಅನ್ನುತ್ತಿರಲಿಲ್ಲ. ‘ಏನಾಗೇತ್ರಿ?’ ಅನ್ನುತ್ತಿದ್ದಳು. ಏನೂ ಆಗದೆ ಅವಳಿಗೆ ಯಾರೂ ಫೋನ್ ಮಾಡುತ್ತಿರಲಿಲ್ಲ, ಅದಕ್ಕೆ.

ದಾಂಡೇಲಿಯ ಮಿಲ್ಲಿನಲ್ಲಿ ದುಡಿಯುತ್ತಿದ್ದ ಅಪ್ಪ ತೀರಿಕೊಂಡ ಮೇಲೆ ಕ್ವಾರ್ಟರ್ಸ್ ಬಿಡಬೇಕಾಯಿತು. ಅಮ್ಮ ಮೊದಲೇ ಹೋಗಿದ್ದಳು. ದಿಲಶಾದ ಹಳಿಯಾಳಕ್ಕೆ ಬಂದು ಬಾಡಿಗೆಗೆ ಒಂದು ಖೋಲಿ ಹಿಡಿದಳು. ಅದು ತೊಂಬತ್ತೆಂಟರ ಸುಮಾರು. ಅವಳು ಟೈಪಿಂಗ್ ಕಲಿಯಲು ಹೋಗುತ್ತಿದ್ದಲ್ಲಿ ಹೊಸದಾಗಿ ಕಂಪ್ಯೂಟರ್ ಬಂದಿತ್ತು. ಆಗ ಅದಕ್ಕೆ ದೇವರ ಕೋಣೆಯ ಮರ್ಯಾದೆ. ಚಪ್ಪಲಿ ಹೊರಗೆ ಬಿಟ್ಟು, ಕೈ ಒರೆಸಿಕೊಂಡು ಒಳಗೆ ಹೋಗಬೇಕು. ಮಿಕ್ಕವರು ಹೆದರಿ ಹೆದರಿ ಗುಂಡಿ ಒತ್ತುತ್ತಿದ್ದರೆ ಇವಳ ಕಣ್ಣೆಲ್ಲ ಅದರ ಹೊಟ್ಟೆಯೊಳಗೆ ಏನಿದೆ ಎಂಬುದರ ಮೇಲೆ. ಒಂದು ದಿನ ಕೆಟ್ಟು ನಿಂತ ಪೆಟ್ಟಿಗೆಯನ್ನು ತಾನೇ ಬಿಚ್ಚಿ, ಫ್ಯಾನಿಗೆ ಸಿಕ್ಕು ಸತ್ತಿದ್ದ ಹಲ್ಲಿಯನ್ನು ಹೊರಗೆ ತೆಗೆದಳು. ಪೆಟ್ಟಿಗೆ ಗುಂಯ್ ಅಂದಿತು. ಆ ಸುದ್ದಿ ಕೇಳಿಯೇ ರೈತರ ಸಹಕಾರಿ ಸಂಘದ ಸೆಕ್ರೆಟರಿ ಅಂದಾನೆಪ್ಪನವರು ಅವಳನ್ನು ಕರೆಸಿದ್ದು.

‘ಸಾಂಬ್ರಾಣಿ, ತೇರಗಾಂವ, ರಾಮನಗರ, ಎಲ್ಲಾ ಶಾಖೆಗೂ ಕಂಪ್ಯೂಟರ್ ಕೊಟ್ಟೇವಿ ನೋಡವ್ವಾ. ಕೆಟ್ರ ನೀ ದುರಸ್ತಿ ಮಾಡಬೇಕು. ಆರು ತಿಂಗಳು ನೋಡೂಣು. ಚೊಲೋ ಆದ್ರ ಕಾಯಂ.’

ಆ ‘ಕಾಯಂ’ ಎಂಬ ಒಂದು ಮಾತಿನ ಮೇಲೆ ಅವಳ ಖೋಲಿಯೂ ಒಲೆಯೂ ನಿಂತಿದ್ದವು. ತಿರುಗಿ ಹೋಗೋಣವೆಂದರೆ ಮನೆಯೇ ಇರಲಿಲ್ಲ.

ಸಂಘದ ಆಫೀಸಿನಲ್ಲಿ ಗೊಬ್ಬರದ ಚೀಲ ಒಟ್ಟಿದ ಹಿಂದಿನ ಕೋಣೆಯಲ್ಲಿ ಅವಳ ಫೋನು. ದಿನವೆಲ್ಲ ಕಿವಿಯಲ್ಲಿ ದನಿಗಳು, ಕಣ್ಣಿಗೆ ಒಂದು ಮುಖವೂ ಇಲ್ಲ. ಮುಂದಿನ ಕೋಣೆಯಲ್ಲಿ ಚಹಾದ ಹೊತ್ತಿಗೆ ನಗೆ ಏಳುತ್ತಿತ್ತು. ಇವಳ ಲೋಟ ಹೊಸ್ತಿಲ ಮೇಲೆ ಇಟ್ಟು ಹೋಗುತ್ತಿದ್ದರು.

ಆರು ತಿಂಗಳು ತುಂಬುತ್ತ ಬಂದಾಗ ಗೋವಾ ದಾರಿಯ ರಾಮನಗರದಿಂದ ಫೋನ್ ಬಂತು. ಅಲ್ಲಿಯ ಗುಮಾಸ್ತೆ ಗೋದುಬಾಯಿ, ವಯಸ್ಸಿನಲ್ಲಿ ಹಿರಿಯಳು.

‘ಮೇಡಂ, ಪರದೆ ಕಪ್ಪಗಾಗಿತ್ತು.’

‘ಈಗ ಹೆಂಗೈತ್ರಿ?’

‘ಈಗ ಬಂದೈತ್ರಿ.’

‘ಹಂಗಾರ ವಾಯರ್ ಕಿತ್ತು ಹೊಳ್ಳಿ ಹಾಕ್ರಿ.’

‘ಬಂದೈತಿ ಅಂದ್ರೂ ಕೀಳಬೇಕಾ?’

‘ಅದಕ್ಕಽ ಕೀಳೂದ್ರಿ ಬಾಯಾರ!’

ಗೋದುಬಾಯಿ ಕಿತ್ತಳು. ಆ ವಾರ ಹಾಕಿದ ಲೆಕ್ಕವೆಲ್ಲ ಅಳಿಸಿಹೋಯಿತು.

ಅಂದಾನೆಪ್ಪನವರು ಕೆಂಡವಾದರು. ‘ಚಾಲೂ ಇದ್ದದ್ದನ್ನ ನೀನಽ ಕೀಳು ಅಂದಿ ಅಂತಾಳ ಆಕಿ. ಬಂದ್ ಐತಿ ಅಂತ ಆಕಿನಽ ಅಂದ್ಲು ಅಂತಿ ನೀ. ಇಬ್ಬರೊಳಗ ಒಬ್ಬರದು ಸುಳ್ಳು. ರಾಮನಗರಕ್ಕ ಹೋಗಿ ಲೆಕ್ಕ ಹೊಳ್ಳಿ ಹಾಕ್ಕೊಂಡು ಬಾ. ಸುಳ್ಳು ಯಾರದೋ ಅವರು ಮನಿಗೆ!’

ರಾಮನಗರದಲ್ಲಿ ಇಬ್ಬರೂ ಮುಖ ಗಂಟುಹಾಕಿಕೊಂಡು ಕೂತರು. ಗೋದುಬಾಯಿ ಪಾವತಿ ಓದುವಳು, ದಿಲಶಾದ ಟೈಪ್ ಹೊಡೆಯುವಳು. ಬೇರೆ ಮಾತಿಲ್ಲ. ಮಧ್ಯಾಹ್ನ ಮಳೆಗೆ ಕರೆಂಟು ಹೋಯಿತು. ಸ್ವಲ್ಪ ಹೊತ್ತಿಗೆ ಬಲ್ಬು ಹತ್ತಿತು. ಗೋದುಬಾಯಿ ಮೇಲೆ ನೋಡಿ, ‘ಹಾಂ, ಬಂದೈತಿ’ ಅಂದಳು.

ದಿಲಶಾದಳ ಕೈ ಅಲ್ಲೇ ನಿಂತಿತು. ‘ಬಂದ್ ಐತಿ?’

‘ಬಂದ್ ಎಲ್ಲೈತಿ? ಬಂದೈತಿ! ಉರಿಯೂದು ಕಾಣ್ಸೂದಿಲ್ಲೇನು?’

ದಿಲಶಾದಳ ಮನೆಮಾತು ಉರ್ದು. ಆ ಮಾತಿನಲ್ಲಿ ಬಂದ್ ಅಂದರೆ ಮುಚ್ಚಿದ್ದು, ನಿಂತುಹೋದದ್ದು. ಗೊರಗೊರ ಅನ್ನುವ ಫೋನಿನಲ್ಲಿ ಅವಳ ಕಿವಿ ಅಷ್ಟನ್ನೇ ಹಿಡಿದಿತ್ತು.

‘ಅಯ್ಯ ನನ್ನ ಕರ್ಮವೇ,’ ಗೋದುಬಾಯಿ ಹಣೆ ಹಣೆ ಬಡಿದುಕೊಂಡಳು. ‘ನಾ ಬಂದದ್ದು ಹೇಳಿದ್ರ ನೀ ಹೋದದ್ದು ತಿಳ್ಕೊಂಡೇನ?’

ಇಬ್ಬರೂ ನಕ್ಕರು. ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಗೋದುಬಾಯಿ ತನ್ನ ಡಬ್ಬಿ ಬಿಚ್ಚಿ ಭಾಕರಿ ಮುರಿದು ಅರ್ಧ ಮುಂದಿಟ್ಟಳು. ‘ತಿನ್ನು ತಂಗಿ. ಕಾರ ಜಾಸ್ತಿ ಐತಿ, ಆಮ್ಯಾಲ ನನಗ ಬೈಬ್ಯಾಡ.’ ದಾಂಡೇಲಿ ಬಿಟ್ಟ ಮೇಲೆ ದಿಲಶಾದಳಿಗೆ ಯಾರೋ ಎದುರು ಕೂತು ಉಣಿಸಿದ್ದು ಅದೇ ಮೊದಲು.

ಸುಳ್ಳು ಯಾರದೂ ಅಲ್ಲವೆಂದು ತಿಳಿದ ಅಂದಾನೆಪ್ಪನವರು, ಬಾಯಲ್ಲಿದ್ದ ಎಲೆಅಡಿಕೆ ಹೊರಬರುವಂತೆ ನಕ್ಕು, ಅವಳನ್ನು ಕಾಯಂ ಮಾಡಿದರು. ಅವತ್ತಿನಿಂದ ದಿಲಶಾದ ಶಾಖೆಗಳಿಗೆಲ್ಲ ಒಂದೇ ಮಾತು ಕಲಿಸಿದಳು: ‘ಬಂದೈತಿ ಅನ್ನಬ್ಯಾಡ್ರಿ. ದೀಪ ಉರಿಯಾಕತ್ತೈತೋ, ಆರೇತೋ, ಅಷ್ಟ ಹೇಳ್ರಿ.’

ಹುಬ್ಬಳ್ಳಿಗೆ ಓಡಾಡಿ ಅವಳು ಇನ್ನೂ ಕಲಿತಳು. ಶಾಖೆಗಳೆಲ್ಲ ಒಂದೇ ತಂತಿಗೆ ಕೂಡಿಕೊಂಡವು, ಎಲ್ಲರ ಲೆಕ್ಕ ಇಡುವ ದೊಡ್ಡ ಮಶೀನು ಅವಳ ಸುಪರ್ದಿಗೆ ಬಂತು. ಗೊಬ್ಬರದ ಕೋಣೆ ಹೋಗಿ ಗಾಜಿನ ಕೋಣೆ ಆಯಿತು. ಕೆಲಸ ಚೊಲೋ ಆದಷ್ಟೂ ಫೋನ್ ಮೂಕವಾಯಿತು. ಎಲ್ಲಕ್ಕಿಂತ ಮೂಕವಾದದ್ದು ರಾಮನಗರ. ಗೋದುಬಾಯಿ ಅಷ್ಟು ಚೆನ್ನಾಗಿ ಕಲಿತಿದ್ದಳು.

ಒಂದು ಮಧ್ಯಾಹ್ನ ಡಬ್ಬಿ ಬಿಚ್ಚಿಟ್ಟುಕೊಂಡು ದಿಲಶಾದ ತಾನೇ ನಂಬರು ಒತ್ತಿದಳು.

‘ಬಾಯಾರ, ದೀಪ?’

‘ಉರಿಯಾಕತ್ತೈತಿ ತಂಗಿ. ಯಾಕ, ಏನಾಗೇತಿ?’

‘ಏನಿಲ್ರಿ. ಸುಮ್ನ ಕೇಳಿದೆ.’

‘ಹಂಗಾರ ಇಡ್ತೇನಿ, ಮಂದಿ ನಿಂತಾರ.’

ದಿಲಶಾದ ಫೋನ್ ಇಟ್ಟು, ಭಾಕರಿ ಮುರಿದಳು. ಗಾಜಿನಾಚೆ ಮಶೀನಿನ ಹಸಿರು ದೀಪಗಳು, ಒಂದೂ ಆರದೆ, ಉರಿಯುತ್ತಲೇ ಇದ್ದವು.